ಒಲೆ ಪಕ್ಕದ ಬಕೆಟ್ಟು

ಹೊರೇಸ್ ಟ್ರಾಂಟರ್ ಹುಟ್ಟಿದ್ದು ನಮ್ಮೂರ ಲಾಕ್ ಮನೆಯ ಮಹಡಿ ಕೋಣೆಯಲ್ಲಿ. ಈಗ ಆ ಕೋಣೆಗೂ ಕೆಳಗಿನ ಅಡುಗೆಮನೆಗೂ ಹಗ್ಗ ಕಟ್ಟಿದ್ದೇವೆ. ನೋಡಲು ಬಂದವರು ಹಗ್ಗದ ಈಚೆ ನಿಲ್ಲಬೇಕು, ಮಂಚದ ಮೇಲೆ ಕೂರಬಾರದು. ಪ್ರತಿ ಭಾನುವಾರ ಇದನ್ನು ಎಲ್ಲರಿಗೂ ಹೇಳುವವಳು ನಾನೇ. ಗುರುತು ಸಿಗದೆ ಒಂದು ಸಲ ಅವರಿಗೂ ಹೇಳಿಬಿಟ್ಟೆ.

"ಇದರ ಮೇಲೇ ಹುಟ್ಟಿದೋನು ತಾಯಿ ನಾನು. ಅವತ್ತು ಯಾರೂ ಏಳು ಅನ್ನಲಿಲ್ಲ" ಅಂದರು. ನಮ್ಮ ಪರಿಚಯ ಶುರುವಾದದ್ದು ಹಾಗೆ.

ನನ್ನ ಹೆಸರು ಗ್ವೆಂಡಾ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಆಲೂಗಡ್ಡೆ ಬೇಯಿಸಿ ನಿವೃತ್ತಳಾದವಳು. ಮನೆಯಲ್ಲೇ ಕೂತರೆ ಗಂಡನ ಜೊತೆ ದಿನಾ ಜಗಳ ಅಂತ ಲಾಕ್ ನೋಡಿಕೊಳ್ಳುವ ಸಂಘಕ್ಕೆ ಸೇರಿದೆ. ಟೀ ಮಾಡುತ್ತೇನೆ, ಬಂದವರಿಗೆ ಮನೆ ತೋರಿಸುತ್ತೇನೆ, ಅಂಗಡಿ ಮೇಜಿನ ಹಿಂದೆ ಕೂರುತ್ತೇನೆ. ಬಾಯಿ ಸ್ವಲ್ಪ ಜೋರು ಅಂತ ಎಲ್ಲರೂ ಹೇಳುತ್ತಾರೆ. ಕೈಯೂ ಅಷ್ಟೇ ಜೋರು ಅಂತ ಈ ಜೂನಿನಲ್ಲಿ ಗೊತ್ತಾಯಿತು.

ನಮ್ಮೂರ ಹತ್ತಿರ ಕಾಲುವೆ ಒಂದು ಆಳಿನಷ್ಟು ತಗ್ಗಿಗೆ ಇಳಿಯುತ್ತದೆ. ದೋಣಿ ಮೆಟ್ಟಿಲು ಇಳಿಯಲಾರದಲ್ಲ, ಅದಕ್ಕೆ ಮೇಲಿನ ನೀರಿಗೂ ಕೆಳಗಿನ ನೀರಿಗೂ ನಡುವೆ ಇಟ್ಟಿಗೆಯ ಉದ್ದನೆ ತೊಟ್ಟಿ ಕಟ್ಟಿ, ಎರಡು ತುದಿಗೂ ಓಕ್ ಮರದ ಜೋಡಿ ಕದದ ಬಾಗಿಲು ಇಟ್ಟಿದ್ದಾರೆ. ತೊಟ್ಟಿ ತುಂಬಿಸಿ ದೋಣಿಯನ್ನು ಒಳಗೆ ಬಿಡುವುದು, ಮೇಲಿನ ಬಾಗಿಲು ಮುಚ್ಚುವುದು, ಕೆಳಗಿನ ತೂಬು ಎತ್ತಿ ನೀರು ಹರಿಸುವುದು. ನೀರಿನ ಜೊತೆ ದೋಣಿಯೂ ಇಳಿಯುತ್ತದೆ. ಲಾಕ್ ಅಂದರೆ ಇಷ್ಟೇ. ಹೊರೇಸ್ ಅವರ ಅಪ್ಪ ಇದನ್ನು ಕಾಯುತ್ತಿದ್ದರು, ಅಪ್ಪನ ನಂತರ ಹೊರೇಸ್ ಮೂವತ್ತೆಂಟು ವರ್ಷ ಕಾದರು.

ಮರದ ಬಾಗಿಲು ಎಷ್ಟೇ ಗಟ್ಟಿ ಇರಲಿ, ಹಳತಾದ ಮೇಲೆ ಸೋರುತ್ತದೆ. ಕೆಳಗಿನ ಬಾಗಿಲು ಜಾಸ್ತಿ ಸೋರಿದರೆ ತೊಟ್ಟಿ ಪೂರ್ತಿ ತುಂಬುವುದಿಲ್ಲ. ನೀರು ಎರಡೂ ಕಡೆ ಸಮಕ್ಕೆ ಬಾರದೆ ಮೇಲಿನ ಬಾಗಿಲನ್ನು ಹತ್ತು ಜನ ಸೇರಿ ನೂಕಿದರೂ ಅಲ್ಲಾಡಿಸಲಾಗದು. ಇದಕ್ಕೆ ಲಾಕಿನವರು ಮಾಡುತ್ತಿದ್ದ ಉಪಾಯ ಒಲೆಯ ಬೂದಿ. ತೊಟ್ಟಿಯ ಒಳಗಡೆ, ಬಾಗಿಲ ಸಂದಿನ ಎದುರಿಗೆ ಬೂದಿಯನ್ನು ನಿಧಾನವಾಗಿ ಸುರಿದರೆ, ಸೋರುವ ನೀರೇ ಅದನ್ನು ಎಳೆದುಕೊಂಡು ಹೋಗಿ ಬಿರುಕಿನಲ್ಲಿ ತುಂಬುತ್ತದೆ. ಆದ್ದರಿಂದ ಲಾಕ್ ಮನೆಯಲ್ಲಿ ಒಂದು ಹಿಡಿ ಬೂದಿಯನ್ನೂ ಯಾರೂ ಚೆಲ್ಲುತ್ತಿರಲಿಲ್ಲ. ಇದನ್ನು ನನಗೆ ಕಲಿಸಿದವರು ಹೊರೇಸ್.

"ಸುರೀಬೇಡ, ಬಡಿಸು. ಮಕ್ಕಳಿಗೆ ಸಾರು ಬಡಿಸ್ತಿರ್ಲಿಲ್ವಾ, ಹಾಗೆ" ಅನ್ನುತ್ತಿದ್ದರು.

ಪ್ರತಿ ಬುಧವಾರ ಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಎಂಬತ್ನಾಲ್ಕು ವರ್ಷ, ಚಳಿ ಇರಲಿ ಸೆಕೆ ಇರಲಿ ಕುತ್ತಿಗೆಗೆ ಮಫ್ಲರು. ನಾನು ಕೊಟ್ಟ ಟೀ ಕುಡಿದು, ನೀರು ಕಮ್ಮಿ, ಹಾಲು ಜಾಸ್ತಿ, ಎಡ್ನಾ ಹೀಗೆ ಮಾಡುತ್ತಿರಲಿಲ್ಲ ಅಂತ ಕೊಂಕು ತೆಗೆಯುತ್ತಿದ್ದರು. ಎಡ್ನಾ ಅವರ ಹೆಂಡತಿ.

ಎಡ್ನಾ ದೋಣಿಯವರ ಮಗಳು. ಕಲ್ಲಿದ್ದಲು ಸಾಗಿಸುವ ಉದ್ದನೆ ದೋಣಿಯಲ್ಲಿ ಹುಟ್ಟಿ, ಅದರ ಹಿಂಬದಿಯ ಗೂಡಿನಲ್ಲಿ ಆರು ಜನರ ಜೊತೆ ಮಲಗಿ ಬೆಳೆದವರು. ಓದು ಬರಹ ಇಲ್ಲ. ಒಂದು ಊರಲ್ಲಿ ಎರಡು ರಾತ್ರಿ ನಿಂತರೆ ಹೆಚ್ಚು. ಅರವತ್ಮೂರನೇ ಇಸವಿಯ ಚಳಿಗೆ ಕಾಲುವೆ ಪೂರ್ತಿ ಹೆಪ್ಪುಗಟ್ಟಿ ಅವರ ದೋಣಿ ನಮ್ಮ ಲಾಕಿನ ಮೇಲ್ಗಡೆ ಸಿಕ್ಕಿಹಾಕಿಕೊಂಡಿತು. ಹತ್ತು ವಾರ ಅಲ್ಲಾಡಲಿಲ್ಲ. ದಿನಾ ಬೆಳಗ್ಗೆ ಆ ಹುಡುಗಿ ಕೆಟಲ್ ಹಿಡಿದು ಲಾಕ್ ಮನೆಯ ಬಾಗಿಲು ತಟ್ಟುತ್ತಿತ್ತಂತೆ, ಕುಡಿಯುವ ನೀರಿಗೆ. ಇಪ್ಪತ್ತೆರಡರ ಹೊರೇಸ್ ನಲ್ಲಿ ತಿರುಗಿಸುತ್ತಿದ್ದರು.

"ಹತ್ತು ವಾರದಲ್ಲಿ ಎಷ್ಟು ಮಾತಾಡಿದ್ರಿ?" ಅಂತ ಒಂದು ಸಲ ಕೇಳಿದ್ದೆ.

"ಒಂಬತ್ತು ವಾರ ಏನೂ ಇಲ್ಲ. ಹತ್ತನೇ ವಾರ ಮಂಜು ಕರಗೋಕೆ ಶುರುವಾಯ್ತಲ್ಲ, ಆಗ ಭಯ ಬಿದ್ದು ಎಲ್ಲಾ ಒಟ್ಟಿಗೇ ಹೇಳಿಬಿಟ್ಟೆ."

ದೋಣಿ ಹೋಯಿತು, ಎಡ್ನಾ ಉಳಿದರು. ನೆಲಕ್ಕೆ ಅಂಟಿಕೊಂಡ ಗೋಡೆ, ಬೆಳಗ್ಗೆ ಎದ್ದಾಗ ಅದೇ ಕಿಟಕಿಯಲ್ಲಿ ಅದೇ ಮರ, ಇದೆಲ್ಲ ಅವರಿಗೆ ದೊಡ್ಡ ಐಶ್ವರ್ಯ. ಐದು ಗಂಟೆಗೆ ಎದ್ದು ಕಬ್ಬಿಣದ ಒಲೆ ಗುಡಿಸಿ, ಬೂದಿಯನ್ನು ಮುಚ್ಚಳದ ಬಕೆಟ್ಟಿಗೆ ತುಂಬಿ, ಗಂಡನ ಕೈಗೆ ಕೊಟ್ಟು ಕಳಿಸುವುದು ಅವರ ದಿನದ ಮೊದಲ ಕೆಲಸ. ಖಾಲಿ ಬಕೆಟ್ಟನ್ನು ತೊಳೆಯದೆ ಒಳಗೆ ತಂದರೆ ಹೊರೇಸ್‌ಗೆ ತಿಂಡಿ ಇಲ್ಲ. ಊರಿನ ಹೆಂಗಸರು ಬೆನ್ನ ಹಿಂದೆ "ನೀರಿನವಳು" ಅನ್ನುತ್ತಿದ್ದರು. ಅಂಗಡಿಯಲ್ಲಿ ಇವರು ಮುಟ್ಟಿದ ಬ್ರೆಡ್ಡನ್ನು ಪಕ್ಕಕ್ಕೆ ಇಟ್ಟವರೂ ಇದ್ದರು. ನನ್ನ ಅಮ್ಮನೂ ಅಂಥವರಲ್ಲಿ ಒಬ್ಬಳು ಅಂತ ಹೇಳಲು ನನಗೆ ನಾಚಿಕೆ ಆಗುತ್ತದೆ.

ಕೆಲಸ ಮುಗಿದ ಮೇಲೂ ಕೆಲವು ವರ್ಷ ಮನೆ ಅವರ ಕೈಯಲ್ಲೇ ಇತ್ತು. ಆಮೇಲೆ ಇದು ಹಳೆಯ ಕಾಲದ ಮನೆ, ಕಾಪಾಡಬೇಕು ಅಂತ ಮೇಲಿನವರಿಗೆ ಹೊಳೆಯಿತು. ಕಾಪಾಡುವುದಕ್ಕೆ ಮೊದಲು ಒಳಗಿದ್ದವರನ್ನು ಹೊರಗೆ ಕಳಿಸಿದರು. ಪಟ್ಟಣದಲ್ಲಿ ಮೂರನೇ ಮಹಡಿಯಲ್ಲಿ ಫ್ಲಾಟು ಕೊಟ್ಟರು. ಗೋಡೆಗೆ ಅಂಟಿಸಿದ ಕರೆಂಟಿನ ಹೀಟರು. "ಬೂದಿ ಇಲ್ಲದ ಮನೆ ಇದೆಂಥ ಮನೆ?" ಅಂತ ಎಡ್ನಾ ಗೊಣಗುತ್ತಿದ್ದರಂತೆ. ಕೊನೆಯ ವರ್ಷ ಅವರ ನೆನಪು ಕಲಸಿಹೋಗಿತ್ತು. ಸಂಜೆಯಾದರೆ ಕೋಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತು, "ಮನೆಗೆ ಕರ್ಕೊಂಡ್ ಹೋಗು ಹೊರೇಸ್" ಅನ್ನುತ್ತಿದ್ದರು. "ನಾಳೆ" ಅಂತ ಇವರು ಹೇಳುತ್ತಿದ್ದರು. ಈ ಫೆಬ್ರವರಿಯಲ್ಲಿ ಎಡ್ನಾ ತೀರಿಕೊಂಡರು, ದಹನ ಮಾಡಿದರು. ಆಮೇಲೆ ಎರಡು ಬುಧವಾರ ಹೊರೇಸ್ ಬರಲಿಲ್ಲ. ಮೂರನೇ ಬುಧವಾರ ಕೈಯಲ್ಲೊಂದು ಚೀಲ ಹಿಡಿದು ಬಂದರು. ನಾನು ಟೀ ಮಾಡಲು ಹೋದೆ. ಚೀಲದಲ್ಲಿ ಏನಿತ್ತು ಅಂತ ನಾನು ಕೇಳಲಿಲ್ಲ.

ಈ ಜೂನಿಗೆ ಲಾಕಿಗೆ ಇನ್ನೂರು ವರ್ಷ ತುಂಬಿತು. ಸಂಘದ ಅಧ್ಯಕ್ಷ ಕ್ಲೈವ್ ಆರು ತಿಂಗಳಿಂದ ನಿದ್ದೆ ಬಿಟ್ಟು ಓಡಾಡಿದ್ದ. ಹಳೆಯ ಕಲ್ಲಿದ್ದಲು ದೋಣಿಯೊಂದು ಎರಡು ಗಂಟೆಗೆ ಮೇಲಿನಿಂದ ಬರುವುದು, ಹೊರೇಸ್ ತಮ್ಮ ಕೈಯಿಂದಲೇ ತೂಬು ಎತ್ತಿ ಅದನ್ನು ಇಳಿಸುವುದು, ಎಲ್ಲರೂ ಚಪ್ಪಾಳೆ ತಟ್ಟುವುದು, ಇಷ್ಟು ಅವನ ಯೋಜನೆ. ಬೆಳಗ್ಗೆ ಎಂಟಕ್ಕೆ ತೊಟ್ಟಿ ತುಂಬಿಸಲು ಹೋದರೆ ತುಂಬುತ್ತಿಲ್ಲ. ಕೆಳಗಿನ ಬಾಗಿಲಿನಿಂದ ನೀರು ಧೋ ಅಂತ ಸುರಿಯುತ್ತಿತ್ತು.

"ಬೂದಿ ಹಾಕಿದ್ರಾಯ್ತು, ಅದಕ್ಕೇನು" ಅಂತ ನಾನು ಹಿತ್ತಲಿಗೆ ಹೋದೆ. ಬೂದಿ ತುಂಬಿಡುವ ಡ್ರಮ್ಮೇ ಇಲ್ಲ.

"ಅದು ನೋಡೋಕೆ ಅಸಹ್ಯವಾಗಿತ್ತು, ನಿನ್ನೆ ಲಾರಿಗೆ ಹಾಕಿ ಕಳಿಸ್ದೆ" ಅಂದ ಕ್ಲೈವ್.

"ನಿನ್ನ ತಲೇಲಿ ಏನಿದೆಯೋ ಅದನ್ನೂ ಅದೇ ಲಾರಿಗೆ ಹಾಕ್ಬೇಕಿತ್ತು" ಅಂತ ಬೈದೆ. ಒಲೆ ಹಚ್ಚಿ ಎರಡು ತಿಂಗಳಾಗಿತ್ತು, ಅದರೊಳಗೂ ಬೂದಿ ಇಲ್ಲ. ಆಗ ಕಣ್ಣಿಗೆ ಬಿದ್ದದ್ದು ಒಲೆಯ ಪಕ್ಕ, ಹಗ್ಗದ ಆಚೆ ಇದ್ದ ಮುಚ್ಚಳದ ಬಕೆಟ್ಟು. ಅದಕ್ಕೆ ನಂಬರ್ ಚೀಟಿ ಅಂಟಿಸಿದವಳು ನಾನೇ. ಅದು ಖಾಲಿ ಇರಬೇಕಿತ್ತು. ಎತ್ತಿದರೆ ಭಾರ. ಮುಚ್ಚಳ ತೆಗೆದರೆ ಅರ್ಧಕ್ಕೆ ಬೂದಿ.

ಬೆಳ್ಳಗಿತ್ತು, ಒರಟು ರವೆಯಂತೆ ತರಿತರಿಯಾಗಿತ್ತು. ನಮ್ಮ ಒಲೆಯ ಕಲ್ಲಿದ್ದಲು ಬೂದಿ ಕಪ್ಪು, ನಯ. ಒಂದು ನಿಮಿಷ ನಿಂತು ಯೋಚಿಸಬೇಕಿತ್ತು. ಯಾರೋ ಪುಣ್ಯಾತ್ಮರು ಸೌದೆ ಬೂದಿ ಎತ್ತಿಟ್ಟಿದ್ದಾರೆ, ತರಿ ಇದ್ದರೆ ಇನ್ನೂ ಚೆನ್ನಾಗಿ ಕೂರುತ್ತದೆ ಅಂತ ಖುಷಿಪಟ್ಟೆ. ಬಾಗಿಲು ನೂಕಲು ಇರುವ ಉದ್ದನೆ ತೊಲೆಯ ಮೇಲೆ ಹೊಟ್ಟೆ ಊರಿ ಬಗ್ಗಿ, ಹೊರೇಸ್ ಹೇಳಿಕೊಟ್ಟ ಹಾಗೆ ಸೌಟಿನಲ್ಲಿ ಸ್ವಲ್ಪ ಸ್ವಲ್ಪವೇ ಬಡಿಸಿದೆ. ನಡುವಿನ ಸಂದಿಗೆ ಅರ್ಧ, ಎಡಗಡೆ ಕೀಲಿನ ಸಂದಿಗೆ ಅರ್ಧ. ಹತ್ತು ನಿಮಿಷದಲ್ಲಿ ಸದ್ದು ನಿಂತಿತು. ತೊಟ್ಟಿ ಅಂಚಿನವರೆಗೆ ತುಂಬಿತು. ನನಗೆ ನಾನೇ ಭೇಷ್ ಅಂದುಕೊಂಡು, ಬಕೆಟ್ಟನ್ನು ತೊಟ್ಟಿಯ ನೀರಿನಲ್ಲೇ ಮೂರು ಸಲ ಜಾಲಾಡಿ, ಏಪ್ರನ್ನಿನಿಂದ ಒರೆಸಿ, ಅದರ ಜಾಗದಲ್ಲೇ ಇಟ್ಟೆ.

ಒಂದು ಗಂಟೆಗೆ ಹೊರೇಸ್ ಬಂದರು. ಮದುವೆಯ ಟೈ ಕಟ್ಟಿದ್ದರು. ಮನೆಗೆ ಹೋಗದೆ ನೇರವಾಗಿ ಕೆಳಗಿನ ಬಾಗಿಲ ಹತ್ತಿರ ಹೋಗಿ ಕಿವಿಗೊಟ್ಟು ನಿಂತರು.

"ಗ್ವೆಂಡಾ! ಬಾ ಇಲ್ಲಿ. ಒಂದ್ ತೊಟ್ಟು ಇಲ್ವಲ್ಲೇ! ಎಷ್ಟು ವರ್ಷ ಆಯ್ತು ಈ ಬಾಗಿಲು ಸುಮ್ಮನಾಗಿ?"

"ಮತ್ತೆ ಯಾರ ಶಿಷ್ಯೆ ನಾನು?" ಅಂದೆ. ಎಷ್ಟು ಹೆಮ್ಮೆ ನನಗೆ ಆಗ!

"ಎಡ್ನಾ ತುಂಬಿಕೊಡ್ತಿದ್ದ ಬೂದಿಗೇ ಹೀಗೆ ನಿಲ್ತಿದ್ದದ್ದು. ಎಲ್ಲಿಂದ ತಂದೆ? ಡ್ರಮ್ಮು ಕಾಣಿಸ್ತಿಲ್ಲ."

"ಡ್ರಮ್ಮು ಆ ಕ್ಲೈವ್ ಸಾಗಹಾಕ್ದ. ಒಲೆ ಪಕ್ಕದ ಬಕೆಟ್ಟಿನಲ್ಲಿ ಇತ್ತಲ್ಲ, ಅದು."

ಅವರು ಬಾಗಿಲಿನ ಕಡೆ ತಿರುಗಿ ನೋಡಿದರು. ಮುಖದಲ್ಲಿ ನಗು ಹಾಗೇ ಇತ್ತು, ಅದನ್ನು ಏನು ಮಾಡಬೇಕೋ ತಿಳಿಯದವರ ಹಾಗೆ. ಆಮೇಲೆ ತಿರುಗಿ ಮನೆಯ ಕಡೆ ನಡೆದರು. ನಾನು ಹಿಂದೆ ಹೋದೆ. ಅಡುಗೆಮನೆಯಲ್ಲಿ ನಾಲ್ಕೈದು ಜನ ಹಗ್ಗದ ಈಚೆ ನಿಂತು ಫೋಟೋ ತೆಗೆಯುತ್ತಿದ್ದರು. ಹೊರೇಸ್ ಹಗ್ಗ ಬಿಚ್ಚಿ ಒಳಗೆ ಹೋಗಿ ಮುಚ್ಚಳ ಎತ್ತಿದರು. ಬಕೆಟ್ಟು ಥಳಥಳ ಹೊಳೆಯುತ್ತಿತ್ತು.

"ತೊಳೆದ್ಯಾ?"

"ಹೂಂ. ನೀವೇ ಹೇಳಿದ್ರಲ್ಲ, ಕೊಳಕು ಬಕೆಟ್ಟು ಒಳಗೆ ತರಬಾರದು ಅಂತ."

"ಅದು ಎಡ್ನಾ ಹೇಳ್ತಿದ್ದದ್ದು" ಅಂದರು. ಬಂದವರಿಗೆ ಕೇಳಿಸದ ಹಾಗೆ, ತುಂಬಾ ಮೆಲ್ಲಗೆ, "ಅದು ಎಡ್ನಾ, ಗ್ವೆಂಡಾ" ಅಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಹಗ್ಗದ ಆಚೆ, ಯಾರೂ ಕೂರಬಾರದ ಕುರ್ಚಿಯ ಮೇಲೆ ಕೂತುಬಿಟ್ಟೆ. ಬಂದವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದವರು ಹೊರೇಸ್ ಅವರೇ.

"ಸ್ಮಶಾನದವರು ಕೊಟ್ಟದ್ದು ಹಸಿರು ಪ್ಲಾಸ್ಟಿಕ್ ಡಬ್ಬಿ. ಅವಳಿಗೆ ಪ್ಲಾಸ್ಟಿಕ್ ಕಂಡ್ರೆ ಆಗ್ತಿರ್ಲಿಲ್ಲ. ಮನೆಗೆ ಕರ್ಕೊಂಡ್ ಹೋಗು ಅಂತಿದ್ಲಲ್ಲ... ಕೇಳಿದ್ರೆ ನಿಮ್ಮ ಸಂಘದವರು ಬೇಡ ಅಂತಿದ್ರು. ಹಗ್ಗದ ಆಚೆ ತೋರಿಸೋಕೆ ಇಟ್ಟ ಬಕೆಟ್ಟು, ಯಾರೂ ಮುಟ್ಟಲ್ಲ ಅಂದ್ಕೊಂಡೆ. ಸೆಪ್ಟೆಂಬರಿನಲ್ಲಿ ಅವಳ ಹುಟ್ಟುಹಬ್ಬ. ಅವತ್ತು ಹಿತ್ತಲ ಪ್ಲಮ್ ಮರದ ಬುಡಕ್ಕೆ ಹಾಕೋಣ ಅಂತಿದ್ದೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಬೇಕಿತ್ತು. ಬೂದಿ ಕಂಡ್ರೆ ಬಾಗಿಲಿಗೆ ಹಾಕು ಅಂತ ಕಲಿಸಿದೋನು ನಾನೇ ತಾನೆ" ಅಂದರು. ಬೈದಿದ್ದರೆ ನಾನು ಬದುಕುತ್ತಿದ್ದೆ. ಆಮೇಲೆ ಕೇಳಿದರು: "ತೊಳೆದ ನೀರು ಎಲ್ಲಿ ಚೆಲ್ಲಿದೆ?"

"ತೊಟ್ಟಿಯೊಳಗೇ."

"ಸದ್ಯ. ಹಾಗಾದ್ರೆ ಎಲ್ಲಾ ಒಂದೇ ಕಡೆ ಇದೆ" ಅಂದರು. ಕೆಳಗಿನ ಬಾಗಿಲು ತೆರೆಯದಿದ್ದರೆ ಎಡ್ನಾ ತಮ್ಮ ಮನೆಯ ಎದುರಿಗೇ ಇರುತ್ತಾರೆ. ತೆರೆದರೆ ದೋಣಿಯ ಹಿಂದೆ ಹೊರಟುಹೋಗುತ್ತಾರೆ. ಎರಡು ಗಂಟೆಗೆ ಇನ್ನು ಮುಕ್ಕಾಲು ಗಂಟೆ ಇತ್ತು.

ಕ್ಲೈವ್‌ಗೆ ಹೇಳಿಬಿಡುತ್ತೇನೆ ಅಂದೆ. ಹೊರೇಸ್ ನನ್ನ ಕೈ ಹಿಡಿದರು. "ಬೇಡ. ಊರಿಗೆಲ್ಲ ಗೊತ್ತಾಗುತ್ತೆ. ಬದುಕಿದ್ದಾಗ ನೀರಿನವಳು ಅಂತ ನಕ್ಕರು, ಈಗ್ಲೂ ಅದನ್ನೇ ಹೇಳ್ಕೊಂಡು ನಗ್ತಾರೆ. ಪ್ರಾಣ ಹೋದ್ರೂ ಹೇಳಬೇಡ." ನಾನು ಮಾತು ಕೊಟ್ಟೆ. ಈಗ ಇಲ್ಲಿ ಊರಿನ ಹೆಸರು ಹೇಳದೆ, ಜನರ ಹೆಸರುಗಳನ್ನೆಲ್ಲ ಬದಲಾಯಿಸಿಯೇ ಬರೆಯುತ್ತಿದ್ದೇನೆ.

ಹೊರಗೆ ಹೋಗಿ ಕೆಳಗಿನ ತೂಬು ಕೆಟ್ಟಿದೆ, ಎತ್ತಲು ಬರುತ್ತಿಲ್ಲ ಅಂತ ಕ್ಲೈವ್‌ಗೆ ಸುಳ್ಳು ಹೇಳಿದೆ. ಅವನು ಒಬ್ಬ ಮೆಕ್ಯಾನಿಕ್‌ನನ್ನು ಕರೆದ, ಅವನು ಬಂದು ಒಂದೇ ಕೈಯಲ್ಲಿ ತಿರುಗಿಸಿ ತೋರಿಸಿದ. "ಬಿಸಿಲು ನೆತ್ತಿಗೇರಿದೆ ಗ್ವೆಂಡಾ, ಹೋಗಿ ನೀರು ಕುಡಿ" ಅಂದ ಕ್ಲೈವ್. ಅಷ್ಟರಲ್ಲಿ ದಂಡೆಯ ತುಂಬ ಜನ. ಮೇಲ್ಗಡೆ ದೋಣಿಯೂ ಬಂದು ಹೊಗೆ ಬಿಡುತ್ತಾ ನಿಂತಿತ್ತು.

ಹೊರೇಸ್ ಕ್ಲೈವ್ ಹತ್ತಿರ ಹೋಗಿ, "ದೋಣಿ ನಾಳೆ ಇಳಿದ್ರೆ ಆಗಲ್ವಾಪ್ಪ?" ಅಂತ ಕೇಳಿದರು. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೋ ನನಗೆ ಮಾತ್ರ ಗೊತ್ತು. ಕ್ಲೈವ್ ಗಹಗಹಿಸಿ ನಕ್ಕ. ಮೈಕು ಎತ್ತಿ, "ಕೇಳಿದ್ರಾ? ನಮ್ಮ ಹೊರೇಸ್ ದೋಣಿ ನಾಳೆ ಬರಲಿ ಅಂತಾರೆ! ರಿಟೈರ್ ಆದ್ರೂ ಸೋಮಾರಿತನ ಹೋಗಿಲ್ಲ!" ಅಂದ. ದಂಡೆಯ ಜನವೆಲ್ಲ ನಕ್ಕಿತು. ಅವನು ಕೆಟ್ಟವನಲ್ಲ. ಅವನಿಗೆ ಗೊತ್ತಿರಲಿಲ್ಲ ಅಷ್ಟೇ, ಹೇಳುವ ಹಾಗೂ ಇರಲಿಲ್ಲ.

ದೋಣಿ ತೊಟ್ಟಿಯೊಳಗೆ ಬಂತು. ಮೇಲಿನ ಬಾಗಿಲು ಮುಚ್ಚಿತು. ತೂಬಿನ ಹಿಡಿಕೆಯನ್ನು ಹೊರೇಸ್ ಕೈಗೆ ಕೊಟ್ಟರು. ಅವರು ಸುಮ್ಮನೆ ನಿಂತರು. ನಾನು ಹತ್ತಿರ ಹೋಗಿ, "ಬಿದ್ದ ಹಾಗೆ ಮಾಡಿ, ತಲೆ ಸುತ್ತಿತು ಅನ್ನಿ, ನಾನು ಆಂಬುಲೆನ್ಸು ಅಂತ ಕಿರುಚ್ತೀನಿ" ಅಂದೆ.

"ಆಮೇಲೆ? ಕ್ಲೈವ್ ತಿರುಗಿಸ್ತಾನೆ" ಅಂದರು. "ಮೂವತ್ತೆಂಟು ವರ್ಷ ಒಂದು ದೋಣೀನೂ ಕಾಯಿಸಿಲ್ಲ ನಾನು. ಕಾಯಿಸಿದ್ರೆ ಮೊದಲು ಬೈತಿದ್ದೋಳು ಅವಳೇ. ದೋಣಿಯವಳಲ್ವಾ."

ಹಿಡಿಕೆ ತಿರುಗಿಸಿ ತೂಬಿನ ಹಲ್ಲುಗಂಬಿಯನ್ನು ಒಂದು ಹಲ್ಲಿನಷ್ಟು ಎತ್ತಿದರು, ನಿಂತರು. ಇನ್ನೊಂದು ಹಲ್ಲು, ಮತ್ತೆ ನಿಂತರು. ದೋಣಿ ನಡೆಸುತ್ತಿದ್ದ ಹೆಂಗಸು, "ಅಜ್ಜಾ, ಕ್ರಿಸ್‌ಮಸ್ ಒಳಗೆ ಇಳೀತೀವಾ?" ಅಂತ ಕೂಗಿದಳು. ಜನ ಮತ್ತೆ ನಕ್ಕರು. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆಯಾಯಿತು. ಕೊನೆಗೆ ನೀರು ಸಮಕ್ಕೆ ಬಂತು. ಹೊರೇಸ್ ತೊಲೆಗೆ ಬೆನ್ನು ಕೊಟ್ಟು ನೂಕಿದರು, ಬಲಗಡೆಯ ತೊಲೆಯನ್ನು ನಾನು ನೂಕಿದೆ. ಇಷ್ಟು ದೊಡ್ಡ ಬಾಗಿಲು, ನೀರು ಸಮವಾದ ಮೇಲೆ ಮಗುವೂ ತೆರೆಯಬಹುದು. ಒಂದು ಸಲವಾದರೂ ಅದು ಗಟ್ಟಿಯಾಗಿ ನಿಲ್ಲಬಾರದಿತ್ತೇ ಅಂತ ನನಗೆ ಸಿಟ್ಟು ಬಂತು. ನಡುವಿನ ಸಂದಿನಿಂದ ಬೆಳ್ಳಗೆ ಒಂದು ಮೋಡದಂಥದ್ದು ನೀರಿನಲ್ಲಿ ಎದ್ದು ಹರಡಿತು. ದೋಣಿ ಅದರ ಮೇಲೇ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ದೋಣಿ ತಿರುವಿನಲ್ಲಿ ಮರೆಯಾಗುವವರೆಗೆ ಹೊರೇಸ್ ನೋಡಿದರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಹಳೆಯ ದೋಣಿಗೆ ಗೌರವ ಅಂತ ಕ್ಲೈವ್ ಅದರ ಫೋಟೋ ತೆಗೆಸಿದ. ಆ ಫೋಟೋ ಈಗ ಅಡುಗೆಮನೆಯ ಗೋಡೆಯ ಮೇಲಿದೆ.

ಜನ ಹೋದ ಮೇಲೆ ಬಾಗಿಲು ಮುಚ್ಚಿ ತೊಟ್ಟಿ ತುಂಬಿಸಿ ನೋಡಿದೆವು. ನಡುವಿನ ಸಂದು ಮೊದಲಿನಂತೆಯೇ ಸೋರುತ್ತಿತ್ತು. ಎಡಗಡೆ, ಬಾಗಿಲು ಗೋಡೆಗೆ ಕೂರುವ ಕೀಲಿನ ಸಂದು ಮಾತ್ರ ಒಣಗಿತ್ತು. ಹೊರೇಸ್ ಬಗ್ಗಿ ಕಿವಿಯಿಟ್ಟು ಕೇಳಿದರು. "ಇಲ್ಲಿ ಸ್ವಲ್ಪ ನಿಂತಿದಾಳೆ" ಅಂದರು.

ಅವತ್ತಿನಿಂದ ಬುಧವಾರ ಬಂದರೆ ಟೀಗೆ ಕೊಂಕು ತೆಗೆಯುವುದಿಲ್ಲ. ಕಪ್ಪು ಹಿಡಿದು ಎಡಗಡೆಯ ತೊಲೆಯ ಮೇಲೆ ಹೋಗಿ ಕೂರುತ್ತಾರೆ. ಸೆಪ್ಟೆಂಬರಿನ ಹುಟ್ಟುಹಬ್ಬವೂ ಅಲ್ಲೇ ಆಯಿತು. ನಾನು ಕೇಕು ಮಾಡಿದ್ದೆ, ತಿನ್ನಲಿಲ್ಲ, ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು.

ನವೆಂಬರಿನಲ್ಲಿ ಕೆಳಗಿನ ಬಾಗಿಲು ಬದಲಾಯಿಸುತ್ತಾರೆ. ಇದು ಎರಡು ವರ್ಷದ ಹಿಂದೆಯೇ ತೀರ್ಮಾನವಾದದ್ದು. ಹೊಸ ಓಕ್ ಬಾಗಿಲು ಆಗಲೇ ತಯಾರಾಗಿದೆ. ನಾನು ಮೂರು ಪತ್ರ ಬರೆದೆ, ಹಳೆಯದೇ ಇರಲಿ, ಎಡಗಡೆಯದಾದರೂ ಇರಲಿ ಅಂತ. ಕಾರಣ ಬರೆಯುವ ಹಾಗಿಲ್ಲ. ಬಾಗಿಲು ಸೋರುತ್ತಿದೆ, ಆದ್ದರಿಂದ ಆಗದು ಅಂತ ಉತ್ತರ ಬಂತು. ಹಳೆಯ ಬಾಗಿಲನ್ನು ನೀರಿನ ಪಂಪಿನಿಂದ ಚೆನ್ನಾಗಿ ತೊಳೆಸಿ, ಸಣ್ಣ ಸಣ್ಣ ತುಂಡು ಮಾಡಿಸಿ, ಇನ್ನೂರು ವರ್ಷದ ಲಾಕಿನ ನೆನಪಿಗೆ ಅಂತ ನಮ್ಮ ಅಂಗಡಿಯಲ್ಲಿ ಇಡುವುದು ಕ್ಲೈವ್‌ನ ಆಲೋಚನೆ. ಟೀ ಕಪ್ಪಿನ ಕೆಳಗೆ ಇಡಲು ಚೆನ್ನಾಗಿರುತ್ತದಂತೆ. ಮಾರಬೇಕಾದವಳು ನಾನು.

ಕಳೆದ ಬುಧವಾರ ಹೊರೇಸ್ ಬಸ್ಸಿಗೆ ಹೊರಟವರು ನಿಂತು, "ಹಳೇ ಬಾಗಿಲು ತೆಗೆದ ಮೇಲೆ ಏನ್ಮಾಡ್ತಾರಂತೆ ಗ್ವೆಂಡಾ?" ಅಂತ ಕೇಳಿದರು.

ನನಗೆ ಗೊತ್ತಿಲ್ಲ ಅಂದೆ.